ಚಾಡಿ ಹೇಳೂ ಮಾರಿ

ಮಂದಿಗೆ ವೈರಿಗಳು ಬಾಜೂ ಮನ್ಯಾಗ ಇರ್ತಾರ, ಬಾಜೂ ಹೊಲದಾಗ ಇರ್ತಾರ. ನನ್ನ ವೈರಿ ನನ್ನ ಕುತ್ತಿಗಿ ಮ್ಯಾಲನ ಕುಂತೈತಿ. ನನ್ನ ಮಾರಿ. ಹತ್ತೊಂಬತ್ತು ವರ್ಷ ರೊಟ್ಟಿ ಹಾಕಿ ಸಾಕೇನಿ, ದಿನಾ ತೊಳದು ಇಬತ್ತಿ ಹಚ್ಚೇನಿ, ಆದ್ರೂ ಅದಕ್ಕ ನನ್ನ ಮ್ಯಾಲ ಎಳ್ಳಷ್ಟೂ ಅಭಿಮಾನ ಇಲ್ಲ. ಒಂದು ಗುಟುಕು ಶಿಂದಿ ಒಳಗ ಹೋತಂದ್ರ ಸಾಕು, ಡಂಗುರಾ ಹೊಡದಂಗ ಕೆಂಪಾಗಿ ಊರಿಗೆಲ್ಲಾ ಸುದ್ದಿ ಮುಟ್ಟಸ್ತೈತಿ.

ಕೆಂಪಂದ್ರ ಸಾದಾ ಕೆಂಪಲ್ರಿ. ಗೋಕಾಕದ ಗೊಂಬಿ ಮಾಡಾವ್ರು ಕಟ್ಟಿಗಿ ಹಣ್ಣಿಗೆ ಹಚ್ಚತಾರಲ್ಲ, ಆ ಕೆಂಪ. ಮೊದಲ ಕಿವಿ, ಆಮ್ಯಾಲ ಗಲ್ಲ, ಆಮ್ಯಾಲ ಕುತ್ತಿಗಿ. ಒಮ್ಮಿ ನನ್ನ ಕಿವಿ ನೋಡಿ ಒಂದು ಎತ್ತು ಹಗ್ಗಾ ಹರಕೊಂಡು ಓಡಿತ್ತು. ಖರೆ ಹೇಳಬೇಕಂದ್ರ ಹಗ್ಗಾ ಮೊದಲ ಹರದಿತ್ತು.

ನಾ ತುಕ್ಕಾನಟ್ಟಿಯಾಂವ. ಮ್ಯಾಟ್ರಿಕ್ ಎರಡು ಸಲ ನಪಾಸಾಗಿ, ಮೂರನೇ ಸಲಕ್ಕಂತ ಗೋಕಾಕದಾಗ ಒಂದು ಫುಕಟ್ ಬೋರ್ಡಿಂಗ್ ಹಿಡದೇನಿ. ಅಪ್ಪ ಮೊದಲ ಹೇಳಿಬಿಟ್ಟಾನ, "ಬೋರ್ಡಿಂಗ್ ತಪ್ಪಿತಂದ್ರ ಸಾಲಿನೂ ತಪ್ಪಿತು. ಮೂಡಲಗಿ ಕಾಕಾನ ಅಂಗಡ್ಯಾಗ ಹತ್ತಿಕಾಳು ತೂಗಕೋತ ಕುಂಡ್ರು." ಆ ಕಾಕಾ ಮುಂಜಾನಿಂದ ಸಂಜೀತನಕ ತನ್ನ ಮೊಣಕಾಲು ಬ್ಯಾನಿ ಸುದ್ದಿನ ಹೇಳಾಂವ. ಹಂಗಾಗಿ ನನಗ ವಿದ್ಯಾದ ಮ್ಯಾಲ ಭಾಳ ಪ್ರೀತಿ.

ಬೋರ್ಡಿಂಗಿನ್ಯಾಗ ಧುಪದಾಳದ ಮಲ್ಲ್ಯಾ ಅಂತ ನನ್ನ ಗೆಣೆಕಾರ. ಐತವಾರ ಊರಿಂದ ಬರೂವಾಗ ಒಂದು ಮಗಿ ಶಿಂದಿ ತರಾಂವ. ಅಂವ, ಹುಕ್ಕೇರಿ ಬಸ್ಯಾ, ನಾ, ಮೂರು ಮಂದಿ ಹೊಳಿದಂಡಿ ಜಾಲಿಕಂಟಿ ಮರಿಗೆ ಕುಂಡ್ರಾವ್ರು. ಮೂವರೂ ಸಮಾ ಕುಡದ್ರೂ ಅವರಿಬ್ಬರ ಮಾರಿ ಈಗರೆ ಪೂಜಿ ಮುಗಿಸಿ ಎದ್ದಾವ್ರಂಗ ತಣ್ಣಗಿರ್ತಿತ್ತು. ನನ್ನ ಕೆಂಪಿನ ಮ್ಯಾಲ ಇಬ್ಬರೂ ಕೂಡಿ ಒಂದು ಶಾಸ್ತ್ರಾನ ಬರದಿದ್ರು.

"ಕೆಂಪಾಗೂದು ಚಲೋ ಮನಶ್ಯಾನ ಗುರ್ತಲೇ," ಅಂತಿದ್ದ ಬಸ್ಯಾ. "ಇಂವ ಹೊಟ್ಟ್ಯಾಗ ಏನೂ ಇಟ್ಕೊಳ್ಳಾಂವಲ್ಲ, ಎಲ್ಲಾ ಹೊರಗ ಹಾಕ್ತಾನ."

"ಮಾರಿಗೆ ಬಂದು ಹಾರಿ ಹೋತಂದ್ರ ತೆಲಿಗೆ ಏರಂಗಿಲ್ಲ," ಅಂತಿದ್ದ ಮಲ್ಲ್ಯಾ. "ಇಂವಂಗ ಇನ್ನೊಂದು ಹಾಕು."

ಎದಿ ಡಬಡಬ ಹೊಡಕೊಳ್ಳಾಕತ್ತಿರ್ತಿತ್ತು, ತೆಲಿ ಸಿಡಿಯಾಕತ್ತಿರ್ತಿತ್ತು. ಆದ್ರ ಬ್ಯಾಡ ಅಂದ್ರ ಗೆಣೆತನಕ್ಕ ಕುತ್ತು. ಚಲೋ ಮನಶ್ಯಾ ಅನ್ನಿಸಿಕೊಳ್ಳೂ ಆಸೇಕ್ಕ ಅದನ್ನೂ ಕುಡೀತಿದ್ದೆ. ಪಾಪ, ಇವರಿಬ್ಬರು ನನ್ನಷ್ಟು ಚಲೋ ಮನಶ್ಯಾರಾಗಲಿಲ್ಲಲ್ಲ ಅಂತ ಒಳಗೊಳಗ ಮರಗತಿದ್ದೆ.

ಇನ್ನ ನಮ್ಮ ಬೋರ್ಡಿಂಗ್ ಮಾಸ್ತರ ಸುದ್ದಿ. ಅವರ ಸಿಟ್ಟು ತಾಲೂಕಿಗೆಲ್ಲಾ ಗೊತ್ತು. ಮುಂಜಾನೆ ಆಕಳದಂಗ ಇರಾವ್ರು, ಸಂಜಿ ಪ್ರಾರ್ಥನಾಕ ಬರೂವಾಗ ಮಾರಿ ಕೆಂಪ, ಕಿವಿ ಕೆಂಪ. ಮೂವತ್ತು ಹುಡುಗೂರು ಉಸರು ಬಿಗಿಹಿಡದು ಕುಂಡ್ರತಿದ್ವಿ. ಅವರಿಗೆ ಅಜೀರ್ಣದ ತ್ರಾಸ. ದ್ರಾಕ್ಷಿ ಹುಳಿ ಬರಿಸಿ ಮಾಡಿದ ದ್ರಾಕ್ಷಾಸವ ದಿನಾ ಸಂಜಿಗೆ ಎರಡು ಚಮಚಾ ತಗೋತಿದ್ರು. ವೈದ್ಯರ ಕಡಿಂದ ಆ ಬಾಟ್ಲಿ ತರೂ ನಂಬಿಗಸ್ತ ಅಂದ್ರ ನಾನ. ಔಷಧಾ ಕೆಟ್ಟಿದ್ರ ಮಾಸ್ತರಿಗೆ ತ್ರಾಸ ಆಗಬಾರದಂತ ಒಮ್ಮಿ ದಾರ್ಯಾಗ ನಾನೂ ಒಂದು ಗುಟುಕು ನೋಡಿದ್ದೆ. ಆವತ್ತೂ ಕಿವಿ ಕಾದಿದ್ದವು. ಯಾಕಂತ ವಿಚಾರ ಮಾಡಲಿಲ್ಲ. ವಿಚಾರ ಮಾಡೂದು ನನ್ನ ಚಾಳಿ ಅಲ್ಲ.

ಒಂದು ಐತವಾರ ನಮ್ಮ ಜಾಲಿಕಂಟಿ ಸುದ್ದಿ ಯಾರೋ ಮಾಸ್ತರ ಕಿವಿಗೆ ಹಾಕಿದ್ರು. ಪ್ರಾರ್ಥನಾಕ್ಕ ಮೊದಲ ಎಲ್ಲಾರ್ನೂ ಸಾಲಾಗಿ ನಿಂದರ್ಸಿ, "ಕುಡದಾಂವ ಇವತ್ತ ಗಂಟು ಕಟ್ಟತಾನ," ಅಂದ್ರು. ತಪಕೀರ ನಶ್ಯಾ ಏರಿಸಿ ಏರಿಸಿ ಅವರ ಮೂಗು ಸತ್ತಿತ್ತು, ವಾಸನಿ ಹತ್ತತಿದ್ದಿಲ್ಲ. ಕಂದೀಲು ಎತ್ತಿ ಒಂದೊಂದ ಮಾರಿ ನೋಡಕೋತ ಬಂದ್ರು. ಅವರು ಸಾಲಿನ ಆ ತುದಿಗಿದ್ದಾಗ ನಾ ಸಂದ್ಯಾಗ ಒಳಗ ಓಡಿ ಒಂದು ಮುಟಗಿ ಇಬತ್ತಿ ಮಾರಿಗೆಲ್ಲಾ ಬಳಕೊಂಡು ಬಂದು ನಿಂತೆ. ಆದ್ರ ಆ ಮಾರಿ ಸುಮ್ಮನಿರತೈತೇನು? ಬೆವತು ಬೆವತು ಇಬತ್ತಿ ಇಳೀತು, ಮಳಿಗೆ ಸುಣ್ಣಾ ಹೋದ ಕೆಮ್ಮಣ್ಣ ಗೋಡಿ ಆತು.

ಮಲ್ಲ್ಯಾನ ಮುಂದ ಮಾಸ್ತರು, "ಶಾಣ್ಯಾ ಹುಡುಗ," ಅಂದು ದಾಟಿದ್ರು. ನನ್ನ ಮುಂದ ನಿಂತ್ರು.

"ಏ ತುಕ್ಕಾನಟ್ಟಿ, ಏನೋ ಇಷ್ಟು ಇಬತ್ತಿ?"

"ಭಕ್ತಿ ಹೆಚ್ಚಾಗೇತ್ರಿ ಸರ್."

"ಅದರ ಬುಡಕ ಕೆಂಪ ಯಾಕ?"

ನನ್ನ ಕಣ್ಣಮುಂದ ಕಾಕಾ, ಹತ್ತಿಕಾಳು, ಮೊಣಕಾಲು ಎಲ್ಲಾ ಬಂದು ಹೋದವು. ಅಷ್ಟರಾಗ ಕಂದೀಲಿನ ಬೆಳಕಿಗೆ ಮಾಸ್ತರ ಮಾರಿ ಕಂಡಿತು. ಅದ ಕಿವಿ. ಅದ ಗಲ್ಲ. ಕನ್ನಡ್ಯಾಗ ನೋಡಿಕೊಂಡಂಗಾತು. ಜನ್ಮದಾಗ ಒಮ್ಮಿ ವಿಚಾರ ಮಾಡಿದೆ.

"ಅಜೀರ್ಣ್ರಿ ಸರ್," ಅಂತ ಮೆಲ್ಲಕ ಅಂದೆ. "ನಿಮ್ಮಂಗ."

ಕಂದೀಲು ಕೆಳಗಿಳೀತು. "ಎಲ್ಲಾರೂ ಊಟಕ್ಕ ನಡ್ರಿ," ಅಂದ್ರು ಮಾಸ್ತರು. ಬೋರ್ಡಿಂಗ್ ಹುಟ್ಟಿದಾಗಿಂದ ಪ್ರಾರ್ಥನಾ ತಪ್ಪಿದ್ದು ಆವತ್ತೊಂದ ದಿನ. ಉಳಿದಾವ್ರು ನಾವಿಬ್ಬರ ಕೆಂಪ ಮಾರಿಯವ್ರು.

"ನನ್ನ ಬಾಟ್ಲಿ ಮುಟ್ಟಿದ್ದಿ ಏನೋ?"

"ಒಮ್ಮಿರಿ. ಕೆಟ್ಟೈತೇನು ನೋಡಾಕ."

"ಆವಾಗೂ ಹಿಂಗ ಆತೇನು?"

"ಥೇಟ್ ಹಿಂಗ ಆತ್ರಿ."

ಮಾಸ್ತರು ತಮ್ಮ ಕಿವಿ ಮುಟ್ಟಿ ನೋಡಿಕೊಂಡ್ರು. "ಹನ್ನೆರಡು ವರ್ಷ ಆತೋ ಕುಡ್ಯಾಕ ಹತ್ತಿ. ಸಂಜಿಗೆ ನನಗ ಸಿಟ್ಟು ಬರತೈತಿ ಅಂತ ನಾನೂ ನಂಬಿಬಿಟ್ಟಿದ್ದೆ."

ಆಮ್ಯಾಲ ಅಂದ್ರು, "ಇನ್ನೊಮ್ಮಿ ಕುಡೀಬ್ಯಾಡಲೇ. ನಮ್ಮಂಥಾ ಮಾರಿಯವ್ರಿಗೆ ದಕ್ಕೂದಿಲ್ಲ. ಧುಪದಾಳಕ್ಕ ದಕ್ಕತೈತಿ."

"ಮಲ್ಲ್ಯಾಂದು ನಿಮಗ ಗೊತ್ತೈತ್ರಿ?"

"ಗೊತ್ತಿದ್ದು ಏನ್ ಮಾಡ್ಲೋ. ಅವನ ಮಾರಿ ಸಾಕ್ಷಿ ಹೇಳಂಗಿಲ್ಲ."

ಹಿಂಗ ಬೋರ್ಡಿಂಗ್ ಉಳೀತು. ನಾ ಶಿಂದಿ ಬಿಟ್ಟೆ. ಮನಸು ಸುಧಾರಿಸಿತಂತ ತಿಳೀಬ್ಯಾಡ್ರಿ, ಮಾರಿಗೆ ಅಂಜಿ ಬಿಟ್ಟೆ. ಮಾಸ್ತರು ಔಷಧಾ ಬಿಟ್ಟು ಬಿಸಿನೀರು, ಓಂಕಾಳಿಗೆ ಬಂದಾರ. ಸಂಜಿಗೂ ಆಕಳದಂಗ ಇರ್ತಾರ, ಹುಡುಗೂರು ಅವರ ಮಾತು ಕೇಳೂದು ಬಿಟ್ಟಾರ.

ಮಲ್ಲ್ಯಾ ಬಿಟ್ಟಿಲ್ಲ. ಈಗ ಅಂವ ನಮ್ಮ ಸಾಲಿ ಪಾನಬಂದಿ ಸಂಘದ ಮುಖಂಡ. ಸಂತಿ ದಿನ ಪ್ಯಾಟ್ಯಾಗ ಗಾಡಿ ಮ್ಯಾಲ ನಿಂತು ಭಾಷಣಾ ಮಾಡ್ತಾನ. "ನಾ ಒಂದು ಹನಿ ಮುಟ್ಟಿದಾಂವಲ್ಲ," ಅಂತಾನ, ಮಾರಿ ತಣ್ಣಗ, ಇಬತ್ತಿ ಬೆಳ್ಳಗ. ನಾ ಮುಂದಿನ ಸಾಲಿನ್ಯಾಗ ಕುಂತಿರ್ತೇನಿ. ಅಂವ ಹಂಗ ಅಂದ ಕೂಡ್ಲೆ ನನ್ನ ಕಿವಿ ಕಾಯ್ತಾವ, ಗಲ್ಲ ಕಾಯ್ತಾವ. ಅಂವಂಗ ಬರಬೇಕಾದ ನಾಚಿಕಿ ದಾರಿ ತಪ್ಪಿ ನನ್ನ ಮಾರಿಗೆ ಬರತೈತಿ. ಮಂದಿ ತಿರುಗಿ ನನ್ನನ್ನ ನೋಡಿ, ಬಾಜೂದವ್ರಿಗೆ ಮೆಲ್ಲಕ ಹೇಳ್ತಾರ, "ಪಾಪ, ಗಾಡಿ ಮ್ಯಾಲಿನ ಹುಡುಗ ಯಾರ ಸಲುವಾಗಿ ಇಷ್ಟು ಒದರಾಕತ್ತಾನ ಅಂತ ಈಗ ತಿಳೀತು ನೋಡ್ರಿ."