ಪೂಜೆಗೆ ಹೋಗಿದ್ದಾರೆ

ಒಣಗಿದ ತೆಂಗಿನ ಗರಿಯ ಶಿಲುಬೆ. ಒಂದು ತೋಳು ಇನ್ನೊಂದಕ್ಕಿಂತ ಬೆರಳಗಲ ಚಿಕ್ಕದು. ನಡುವೆ ಖಾಕಿ ನೂಲಿನ ಗಂಟು. ಕಳೆದ ಶನಿವಾರ ಬಣ್ಣ ಬಳಿಸಲೆಂದು ಬೀರು ಖಾಲಿ ಮಾಡುವಾಗ ಹಳೆಯ ಲ್ಯಾಬ್ ಕೋಟಿನ ಜೇಬಿನಿಂದ ಜಾರಿ ಬಿತ್ತು. ಆಮೇಲೆ ಯಾವ ಕೆಲಸಕ್ಕೂ ಮನಸ್ಸು ಕೂರಲಿಲ್ಲ. ಅದನ್ನು ಕಿಟಕಿಯಲ್ಲಿಟ್ಟೆ, ಅಲ್ಲಿಂದ ತೆಗೆದು ಪುಸ್ತಕದ ಮೇಲಿಟ್ಟೆ, ಮತ್ತೆ ಕಿಟಕಿಗೆ ತಂದೆ.

ಎಂಎಸ್ಸಿ ಮುಗಿಸಿ ಜಿಗಣಿಯ ಒಂದು ಔಷಧ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೊಂದು ಹಳೆಯ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಮನೆಯ ಒಡತಿಯನ್ನು ಬಾಡಿಗೆಯವರೆಲ್ಲ ಓನರಮ್ಮ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಎಂಬತ್ತು ದಾಟಿದ ಹೆಂಗಸು. ಹದಿನಾರಕ್ಕೆ ಮದುವೆಯಾಗಿ ಆ ಊರಿಗೆ ಬಂದವರು, ಐದು ಹೆತ್ತು ಮೂರು ಉಳಿಸಿಕೊಂಡವರು. ಚರ್ಚಿನ ಪೀಠಕ್ಕೆ ಹಾಸುವ ಬಿಳಿ ಬಟ್ಟೆಗಳನ್ನು ಪ್ರತಿ ಶನಿವಾರ ಒಗೆದು ಗಂಜಿ ಹಾಕುವುದು ಅವರ ಪಾಲಿನ ಕೆಲಸ. ಆ ದಿನ ಮೆಟ್ಟಿಲ ಮೇಲೆಲ್ಲ ಗಂಜಿಯ ವಾಸನೆ.

"ನಾಳೆ ಬೆಳಗ್ಗೆ ಪೂಜೆ ಐತೆ ಕಣಮ್ಮ" ಎಂದು ಅವರು ಮೊದಲ ಸಲ ಹೇಳಿದಾಗ ನಾನು ತೆಂಗಿನಕಾಯಿ, ಬಾಳೆಹಣ್ಣು ತಂದುಕೊಟ್ಟಿದ್ದೆ. ಅವರು ಸೆರಗು ಬಾಯಿಗೊತ್ತಿಕೊಂಡು ನಕ್ಕರು. ಆ ಕಡೆಯ ಹಳೆಯ ಕನ್ನಡ ಕ್ರೈಸ್ತ ಮನೆಗಳಲ್ಲಿ ಭಾನುವಾರದ ಚರ್ಚಿನ ಆರಾಧನೆಗೆ ಪೂಜೆ ಎನ್ನುತ್ತಾರೆಂದು ನನಗೆ ತಿಳಿದಿರಲಿಲ್ಲ. ಮರುದಿನ ಆ ಕಾಯಿ ಚಟ್ನಿಯಾಗಿ ಮಹಡಿಗೆ ಬಂತು.

ಅವರ ಗಂಡ ಮೊದಲು ಕಲ್ಲು ಕೆಲಸದವರು, ಆಮೇಲೆ ಗ್ರಾನೈಟ್ ಕಾರ್ಖಾನೆಯೊಂದರ ವಾಚ್‌ಮನ್. ನಾನು ನೋಡುವ ಹೊತ್ತಿಗೆ ತಾತನ ನೆನಪು ಪೂರ್ತಿ ಕಲಸಿಹೋಗಿತ್ತು. ಮನೆಯ ಗೇಟನ್ನೇ ಕಾರ್ಖಾನೆಯ ಗೇಟೆಂದುಕೊಂಡು, "ಪಾಸ್ ಎಲ್ಲಮ್ಮ?" ಎಂದು ನನ್ನನ್ನು ತಡೆಯುತ್ತಿದ್ದರು. ನಾನು ಬಸ್ ಪಾಸ್ ತೋರಿಸಿದರೆ ತಿರುಗಿಸಿ ನೋಡಿ, "ಹೊತ್ತಾಗಿ ಬಂದಿದೀಯ, ಸೂಪರ್‌ವೈಜರ್ ಬೈತಾನೆ ನೋಡು" ಎನ್ನುತ್ತಿದ್ದರು. ಹೆಂಡತಿ ಒಳಗೆ ಹೋದರೂ ಸಾಕು, ತಡಕಾಡುವರು.

ಚರ್ಚಿನಲ್ಲಿ ಭಾನುವಾರ ಇದ್ದದ್ದು ಒಂದೇ ಪೂಜೆ. ಮಗ, ಸೊಸೆ, ಅಕ್ಕಪಕ್ಕದವರು ಎಲ್ಲರೂ ಅದಕ್ಕೇ ಹೋಗುವವರು. ಒಂದು ದಿನ ಓನರಮ್ಮ ಮಹಡಿ ಹತ್ತಿ ಬಂದರು. "ಈ ಬೀದೀಲಿ ಪೂಜೆ ಇಲ್ದೋಳು ನೀನೊಬ್ಳೇ ಕಣಮ್ಮ. ನಾ ಬರೋಗಂಟ ಇವ್ರ ತಾವ ಕೂತಿರ್ತೀಯಾ?"

ಹೀಗೆ ನನ್ನ ಭಾನುವಾರದ ಬೆಳಗುಗಳು ತಾತನ ಪಾಲಾದವು. ಅವರು ಕೂರುತ್ತಿರಲಿಲ್ಲ, ನನ್ನನ್ನೂ ಕೂರಗೊಡುತ್ತಿರಲಿಲ್ಲ. ಗೇಟು, ಜಗಲಿ, ಮತ್ತೆ ಗೇಟು. "ಎಲ್ಲೋದ್ಲು ಇವ್ಳು?" ಅವರ ಧರ್ಮದ ಮಾತನ್ನು ಸರಿಯಾಗಿಯೇ ಆಡಬೇಕೆಂದು ನಾನು, "ಚರ್ಚಿಗೆ ಹೋಗಿದಾರೆ ತಾತ" ಎನ್ನುತ್ತಿದ್ದೆ. ಅವರ ಗಾಬರಿ ಇನ್ನೂ ಏರುತ್ತಿತ್ತು. ಓನರಮ್ಮ ಬಂದು ತಿದ್ದಿದರು: "ಚರ್ಚು ಅಂದ್ರೆ ಅವ್ರಿಗೆ ತಿಳಿಯಾಕಿಲ್ಲ. ಪೂಜೆಗೆ ಅನ್ನು."

ಮುಂದಿನ ವಾರ ಹಾಗೆಯೇ ಹೇಳಿದೆ. ತಾತ ಗೇಟಿನಿಂದ ಕೈ ತೆಗೆದರು. "ಅಂಗಾದ್ರೆ ಬತ್ತಾಳೆ ಬಿಡು."

ಒಂದು ಸಂಜೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಾಗ ನಾನು ಸುಮ್ಮನೆ ಕೇಳಿದೆ, ಇಷ್ಟು ವರ್ಷ ದೇವರಲ್ಲಿ ಏನು ಬೇಡಿಕೊಂಡಿರಿ ಎಂದು. "ಮೊದ್ಲೆಲ್ಲಾ ಮಕ್ಳು, ಮಳೆ, ಮನೆ... ಈಗ ಒಂದೇ. ಮೊದ್ಲು ಇವ್ರನ್ನ ಕರ್ಕೋ, ಆಮೇಲೆ ನನ್ನ."

ಮುತ್ತೈದೆಯಾಗಿ ಹೋಗಬೇಕೆಂದು ದಿನವೂ ಕೈಮುಗಿಯುತ್ತಿದ್ದ ನನ್ನ ಅಜ್ಜಿ ನೆನಪಾಗಿ ನನ್ನ ಕೈ ನಿಂತಿರಬೇಕು. ಅವರು ನನ್ನ ಮುಖ ನೋಡಿದರು. "ನಮ್ಮೋರೂ ಅಂಗೇ ಬೇಡ್ಕೋತಾರೆ ಕಣಮ್ಮ. ಆದ್ರೆ ಹೂವ ಮುಡ್ಕೊಂಡು ನಾನ್ ಓಗ್ಬಿಟ್ರೆ, ಇವ್ರು ಗೇಟ್ ತಾವ ನಿಂತ್ಕೊಂಡು ಯಾರನ್ನ ಕೇಳ್ತಾರೆ?"

ಆ ವರ್ಷ ಈಸ್ಟರಿಗೆ ಒಂದು ವಾರ ಮೊದಲು ಬರುವ ಗರಿಗಳ ಭಾನುವಾರ ಅವರು ಚರ್ಚಿನಿಂದ ತಂದ ಗರಿಯನ್ನು ಸೀಳಿ, ತಾತನ ಹಳೆಯ ಯೂನಿಫಾರ್ಮಿನಿಂದ ಎಳೆದ ನೂಲಿನಲ್ಲಿ ಕಟ್ಟಿ ನನಗೊಂದು ಶಿಲುಬೆ ಕೊಟ್ಟರು. ಅವರ ಕಣ್ಣು ಮಂಜಾಗಿತ್ತು, ಶಿಲುಬೆಯ ಒಂದು ತೋಳು ಚಿಕ್ಕದಾಯಿತು. "ಒಣಗಿದ್ಮೇಲೆ ಎಸೀಬ್ಯಾಡ. ವಾಪಸ್ ಕೊಡ್ಬೇಕು. ಅದ್ನ ಸುಟ್ಟು ಬೂದಿ ಮಾಡಿ, ಬರೋ ವರ್ಷ ಬೂದಿ ಬುಧವಾರ ಹಣೆಗಿಡ್ತಾರೆ."

ಮಳೆಗಾಲದ ಒಂದು ಶನಿವಾರ ಪೀಠದ ಬಟ್ಟೆಗಳನ್ನು ಒಣಹಾಕಿ ಬಂದು ಮಲಗಿದವರು ಏಳಲಿಲ್ಲ. ಅವರು ಬೇಡಿಕೊಂಡದ್ದು ತಿರುವುಮುರುವಾಯಿತು.

ತಾತನೂ ಮಣ್ಣಿಗೆ ಹೋಗಿ ಒಂದು ಹಿಡಿ ಮಣ್ಣು ಹಾಕಿ ಬಂದರು. ಬಂದವರೇ ಗೇಟು ಹಿಡಿದರು. "ಎಲ್ಲೋದ್ಲು ಇವ್ಳು?"

"ಅವ್ವ ತೀರೋದ್ಲು ಕಣಪ್ಪ. ಈಗ್ತಾನೆ ಮಣ್ಣು ಮಾಡ್ಬಂದ್ವಲ್ಲ" ಎಂದ ಮಗ. ತಾತ ಆಗಷ್ಟೇ ಕೇಳಿದವರಂತೆ ಎದೆ ಹಿಡಿದುಕೊಂಡು ಅತ್ತರು. ಕಾಫಿ ಕುಡಿದರು. ಮತ್ತೆ ಗೇಟಿಗೆ ಹೋದರು, ಮತ್ತೆ ಅದೇ ಪ್ರಶ್ನೆ, ಮಗನ ಅದೇ ಉತ್ತರ, ಅದೇ ಅಳು. ಮೂರನೆಯ ಸಲ ಕೇಳಿದಾಗ ಮಗ ಗೋಡೆಗೆ ಮುಖ ಮಾಡಿ ನಿಂತ. ಜಗಲಿಯ ತುಂಬ ಜನ. ಆ ಮನೆಯ ಸಾವಿನ ಬಗ್ಗೆ ಮಾತಾಡಲು ನಾನು ಯಾರು... ಆದರೂ ಎದ್ದು ಹೋದೆ.

"ಪೂಜೆಗೆ ಹೋಗಿದಾರೆ ತಾತ."

ಅವರು ನನ್ನನ್ನೇ ನೋಡಿದರು. ಕೈ ಮೆಲ್ಲಗೆ ಗೇಟಿನಿಂದ ಜಾರಿತು. "ಅಂಗಾದ್ರೆ ಬತ್ತಾಳೆ ಬಿಡು."

ಅಂದಿನಿಂದ ಆ ಮನೆಯವರೆಲ್ಲ ಹಾಗೆಯೇ ಹೇಳಿದರು. ಕೆಲವು ತಿಂಗಳಲ್ಲಿ ನಾನು ಕೆಲಸ ಬದಲಿಸಿ ವರ್ತೂರಿನ ಕಡೆ ಬಂದೆ. ಮುಂದಿನ ಗರಿಗಳ ಭಾನುವಾರ ಬರುವ ಮೊದಲೇ ತಾತನೂ ಹೋದರೆಂದು ಮಗ ಫೋನು ಮಾಡಿದ್ದ. ಈಗ ಆ ಮನೆಯೂ ಇಲ್ಲ, ಅಲ್ಲಿ ನಾಲ್ಕು ಮಹಡಿಯ ಪಿಜಿ ಎದ್ದಿದೆ. ಓನರಮ್ಮ ಇಲ್ಲದಿರುವುದು ನನಗೆ ಗೊತ್ತಿರುವ ಸಂಗತಿ. ಹಾಗಿದ್ದೂ ಶನಿವಾರವಿಡೀ ನಾನು ಕಿಟಕಿಗೂ ಬಾಗಿಲಿಗೂ ಓಡಾಡಿದೆ, ತಾತನ ಹಾಗೆ.

ಮರುದಿನ ಬೆಳಗ್ಗೆ ಶಿಲುಬೆಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹತ್ತಿರದ ಚರ್ಚಿಗೆ ಹೋದೆ. ಬೂದಿ ಬುಧವಾರ ಹತ್ತಿರವಾಗಿತ್ತು, ಹಳೆಯ ಗರಿಗಳಿಗೆಂದು ಬಾಗಿಲ ಬಳಿ ಬುಟ್ಟಿ ಇಟ್ಟಿದ್ದು ಹೊರಗಿನಿಂದಲೇ ಕಾಣುತ್ತಿತ್ತು. ಗೇಟಿನಲ್ಲಿ ವಾಚ್‌ಮನ್ ತಡೆದ.

"ಯಾರು ಬೇಕಿತ್ತು ಮೇಡಂ?"

"ಪೂಜೆಗೆ" ಎಂದೆ.

ಅವನು ಗೇಟು ತೆಗೆದ.