ಸಾಲುಮನೆಯನ್ನು ಕೊಟ್ಟಿಗೆ ಮಾಡಿದ್ದು

ಬೆಳಗೊಳದ ಹತ್ತಿರ, ನಾಲೆಯ ಪಕ್ಕದಲ್ಲಿರುವ ಹಳೆಯ ದೊಡ್ಡಮನೆಯನ್ನು ಈಗ ಜನ ಫೋಟೊ ತೆಗೆಯಲು ಬಂದು ನೋಡುತ್ತಾರೆ. ಅದರ ಹಿಂದೆ ಆಳುಗಳಿಗೆಂದು ಕಟ್ಟಿದ ಏಳು ಕೋಣೆಗಳ ಸಾಲುಮನೆಯಿತ್ತು. ನಾನು ಅಲ್ಲಿಯ ಮೇಲ್ವಿಚಾರಕ. ನನ್ನನ್ನು ಎಸ್ಸೆಸ್ಸೆಲ್ಸಿ ತನಕ ಓದಿಸಿದವರು ಆ ಮನೆಯ ಯಜಮಾನರು. ದೊಡ್ಡಮನೆಗೆ ಸುಣ್ಣ ಬಳಿದು ಉಳಿದದ್ದಕ್ಕೆ ನೀರು ಬೆರೆಸಿ ಸಾಲುಮನೆಗೆ ಕೊಡುತ್ತಿದ್ದವನು ನಾನು.

ಬೇಸಾಯ ಕಡಿಮೆಯಾದಂತೆ ಒಂದೊಂದೇ ಸಂಸಾರ ಹೊರಟುಹೋಗಿ ಕೊನೆಗೆ ಒಬ್ಬಳೇ ಉಳಿದಳು. ಗಂಡ ಸತ್ತವಳು, ನನಗಿಂತ ಐದಾರು ವರ್ಷ ಚಿಕ್ಕವಳು. ಮದುವೆಯಾಗಿ ಬಂದಂದಿನಿಂದ ಇದ್ದ ಕೋಣೆಗೆ ಹಕ್ಕುಪತ್ರ ಕೇಳಿ ಅರ್ಜಿ ಹಾಕಿದಳು. ಅಧಿಕಾರಿಗಳು ಸ್ಥಳ ನೋಡಲು ಬರುತ್ತಾರೆಂದು ತಿಳಿದಾಗ ಯಜಮಾನರ ಮಗ ಫೋನು ಮಾಡಿ, "ಅದು ಕೊಟ್ಟಿಗೆ ತಾನೆ?" ಎಂದರು. ಅವರು ಹೇಳಿದ್ದು ಅಷ್ಟೇ. ಮಿಕ್ಕಿದ್ದೆಲ್ಲ ನನ್ನ ಯೋಚನೆ.

ಅವಳು ನಾಟಿಗೆ ಹೋಗಿದ್ದ ಹೊತ್ತಿನಲ್ಲಿ, ನನ್ನ ಹತ್ತಿರವಿದ್ದ ಇನ್ನೊಂದು ಕೀಲಿಯಿಂದ ಬೀಗ ತೆಗೆದೆ. ಪಾತ್ರೆ, ಹಾಸಿಗೆ ಹೊರಗಿಟ್ಟೆ. ಮಣ್ಣಿನ ಒಲೆಯನ್ನು ಹಾರೆಯಿಂದ ಮೀಟಿದೆ. ಬೂದಿ ಇನ್ನೂ ಬೆಚ್ಚಗಿತ್ತು. ಮಸಿ ಹಿಡಿದ ಗೋಡೆಗೆ ಸಗಣಿ ಬಳಿದು, ಹುಲ್ಲು ಹರಡಿ, ಎರಡು ಎತ್ತು ತಂದು ಕಟ್ಟಿದೆ. ಅಧಿಕಾರಿಗಳು ಬಂದರು, ನೋಡಿ ಕೊಟ್ಟಿಗೆ ಎಂದು ಬರೆದುಕೊಂಡರು. ಊರಿನ ಹಿರಿಯನೆಂದು ಕೆಳಗೆ ಸಹಿ ಹಾಕಿದೆ.

ಸಂಜೆ ಕೆಸರುಗಾಲಿನಲ್ಲೇ ಬಂದವಳು ಬಾಗಿಲಲ್ಲಿ ನಿಂತಳು.

"ಇದೇನ್ ಬುದ್ಧಿ, ಇಂಗ್ ಮಾಡ್ಬುಟ್ರಿ?"

"ಮೇಲಿಂದ ಯೋಳವ್ರೆ ಕಣವ್ವ. ನಾನೇನ್ ಮಾಡ್ಲಿ."

"ನನ್ನೂ ಇಲ್ಲೇ ಕಟ್ಟಾಕ್ಬುಡಿ ಅಂಗಾರೆ. ಒಂದಗ್ಗ ಜಾಸ್ತಿಯಾಯ್ತದೆ, ಅಷ್ಟೇಯ."

ನನಗೆ ನಗು ಬಂತು. ನಕ್ಕೆ. ಒಲೆ ಕಿತ್ತದ್ದಕ್ಕಿಂತ ಆ ನಗು ನನ್ನನ್ನು ಹೆಚ್ಚು ಕಾಡುತ್ತದೆ.

ಅವಳು ಪಾಂಡವಪುರದ ತಂಗಿಯ ಮನೆ ಸೇರಿದಳು. ಅರ್ಜಿ ವಜಾ ಆಯಿತು. ಅವಳು ಬಿಡದೆ ಮೇಲ್ಮನವಿ ಹಾಕಿದಳು. ಅದು ಪಾಂಡವಪುರದ ಕಚೇರಿಯಲ್ಲೇ ವಿಚಾರಣೆಗೆ ಬಂದ ದಿನ ಯಾರೂ ಕರೆಯದಿದ್ದರೂ ನಾನು ಹೋದೆ. ಅದು ಇವಳ ಮನೆ, ಎತ್ತು ತಂದು ಕಟ್ಟಿದವನು ನಾನು ಎಂದು ಹೇಳಿದೆ. "ಅವತ್ತೇ ಯಾಕೆ ಹೇಳಲಿಲ್ಲ?" ಎಂದು ಅಧಿಕಾರಿ ಕೇಳಿದರು. ಅನ್ನ ಹಾಕಿದ ಮನೆ ಎಂದೆ. ಅವರು ಅದನ್ನು ಬರೆದುಕೊಳ್ಳಲಿಲ್ಲ. ಆದೇಶ ಇನ್ನೂ ಬಂದಿಲ್ಲ.

ಹೊರಗೆ ಅವಳ ಮುಂದೆ ಕೈಮುಗಿದೆ. ಅವಳು ಸೆರಗು ಸರಿಮಾಡಿಕೊಂಡಳು.

"ಈಗ್ ಯೋಳಿದ್ರಿ ಬುದ್ಧಿ. ಜೆಸಿಬಿ ಬಂದು ಸಾಲ್ನೇ ಕೆಡವಿ ಆರ್ ತಿಂಗ್ಳಾಯ್ತು. ಹಕ್ಕುಪತ್ರ ಬಂದ್ರೂ ಯಾವ್ ಬಾಗ್ಲು ತಗ್ದು ಒಳಕ್ಕೋಗ್ಲಿ?"

ಅವಳು ತಂಗಿಯ ಮನೆಯ ಕಡೆಗೆ ನಡೆದಳು.