ಗೋಡೆ ಕುಡಿಯದ ನೀರು

ಮಣ್ಣಿನ ಗೋಡೆಯ ಮನೆಯೆಂದು ನಂಬಿಸಿ ನಮಗೆ ಸಿಮೆಂಟಿನ ಮನೆ ಮಾರಿದರು. ಅನ್ಯಾಯ ಇಷ್ಟೇ. ಆದರೆ ಬೇಸಿಗೆಯ ಮಧ್ಯಾಹ್ನ ನನ್ನ ಹೆಂಡತಿ ಹಿತ್ತಾಳೆಯ ತಂಬಿಗೆ ಹಿಡಿದು ಗೋಡೆಯ ಮುಂದೆ ನಿಂತಾಗಲೆಲ್ಲ ಆ ಅನ್ಯಾಯ ನಿನ್ನೆಯದೆನ್ನುವಷ್ಟು ಹಸಿಯಾಗುತ್ತದೆ.

ಗದಗಿನ ಕಡೆ ಮಣ್ಣಿನ ಮನೆಗಳಲ್ಲಿ ಬೆಳೆದ ನಮಗೊಂದು ರೂಢಿಯಿತ್ತು: ಬಿಸಿಲೇರಿದಾಗ ಗೋಡೆಗೆ ನೀರು ಚಿಮುಕಿಸಿ, ಅದಕ್ಕೆ ಬೆನ್ನು ಕೊಟ್ಟು ಕೂಡುವುದು. ಗೋಡೆ ನೀರನ್ನು ಕುಡಿದು, ತಂಪನ್ನೂ ಮೊದಲ ಮಳೆಯ ವಾಸನೆಯನ್ನೂ ಮರಳಿಸುತ್ತಿತ್ತು. ಪುಣೆಯ ಬಾಡಿಗೆ ಕೋಣೆಗಳಲ್ಲಿ ಆ ಸ್ನೇಹವನ್ನು ಮರೆತೇಬಿಟ್ಟಿದ್ದೆವು. ತೊಂಬತ್ತರ ದಶಕದ ಕೊನೆಗೆ ಅಲ್ಲಿಯದೇ ಬಡಾವಣೆ ಧನಕವಡಿಯಲ್ಲಿ ‘ಪರಿಸರಸ್ನೇಹಿ ವಸತಿ’ ಎಂಬ ಫಲಕ ಎದ್ದು ನಿಲ್ಲುವವರೆಗೆ.

ಅಲ್ಲೊಂದು ಮಾದರಿ ಮನೆ ಕಟ್ಟಿದ್ದರು; ಸುಡದ ಮಣ್ಣಿನ ಇಟ್ಟಿಗೆಯದು. ಮನೆ ತೋರಿಸುತ್ತಿದ್ದ ಬೆಳಗಾವಿಯ ತರುಣ ನಮ್ಮ ಕನ್ನಡ ಕೇಳಿದ್ದೇ ಬಶಿಯಿಟ್ಟ ಕಪ್ಪಿನಲ್ಲಿ ಚಹಾ ತರಿಸಿ, “ಗ್ವಾಡಿ ಮುಟ್ಟಿ ನೋಡ್ರಿ, ಮಾವಶಿ” ಎಂದು ನನ್ನ ಹೆಂಡತಿಗೆ ಹೇಳಿದ. ಕುಡಿಯಲು ಕೊಟ್ಟ ನೀರನ್ನೇ ಇವಳು ಅಂಗೈಗೆ ಸುರಿದುಕೊಂಡು ಗೋಡೆಗೆ ಚಿಮುಕಿಸಿ, ಮೂಗು ಹಚ್ಚಿ ನಿಂತಳು. ಬಹಳ ಹೊತ್ತಿನ ಮೇಲೆ, ನನ್ನತ್ತ ತಿರುಗದೆಯೇ, “ಇಲ್ಲೇ ಇರೂಣ್ರಿ” ಎಂದಳು. ಇಡೀ ಸಂಸಾರದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಬೀಗದ ಕೈ ಸಿಕ್ಕ ದಿನ, ಹಾಲು ಉಕ್ಕಿಸುವುದಕ್ಕೂ ಮೊದಲು, ಹೊಸ ಗೋಡೆಗೆ ನೀರು ಚಿಮುಕಿಸಿದಳು. ಗಾಜಿನ ಮೇಲಿಂದ ಜಾರಿದಂತೆ ಅದು ನೆಲಕ್ಕಿಳಿಯಿತು. ಕೇಳಲು ಹೋದ ನನಗೆ ಆ ತರುಣ ಚಹಾ ಹಾಗಿರಲಿ, ಕುರ್ಚಿಯನ್ನೂ ತೋರಿಸಲಿಲ್ಲ.

“ಮಾದರಿ ಅಂದ್ರ ಮಾದರೀನ ಇರ್ತದ್ರಿ, ಕಾಕಾ. ಮಣ್ಣಿನ ಬಣ್ಣಾನ ಹಚ್ಚೇವಲ್ರಿ?”

ಪಕ್ಕದ ಮೇಜಿನವರು ನಕ್ಕರು. ಯಾರ ಯಾರ ನಗೆ ಎಷ್ಟು ಉದ್ದವಿತ್ತೆಂಬುದೂ ನನಗೆ ನೆನಪಿದೆ.

ನೀವು ಕೇಳಬಹುದು, ಊರಿನ ಹಂಬಲ ಯಾರಿಗಿಲ್ಲವೆಂದು. ನಾನೂ ಹಾಗೆಯೇ ಎಣಿಸಿದ್ದೆ. ಆದರೆ ಗದಗಿನ ಮನೆ ಕನಸಿನಲ್ಲೂ ಮಸುಕಾಗಿದೆ. ನಾವು ಹಂಬಲಿಸುವುದು ಅರ್ಧ ಗಂಟೆ ನಿಂತು ಬಂದ ಆ ಮಾದರಿ ಮನೆಗೆ. ಬಾಳಿದ ಮನೆಯ ನೆನಪು ಹೇಗೋ ಸಮಾಧಾನ ಕೊಡುತ್ತದೆ. ಬಾಳಬೇಕೆಂದುಕೊಂಡ ಮನೆಯದು ಕೊಡುವುದಿಲ್ಲ.

ಇಂದೂ ಅವಳು ನೀರು ಚಿಮುಕಿಸಿದಳು; ಕೆಳಗೆ ಹರಿದದ್ದನ್ನು ತಾನೇ ಒರೆಸಿದಳು. ಯಾಕೆಂದು ಕೇಳಿದರೆ, “ಎಂದರ ಕುಡದೀತು, ನೋಡೂಣಂತ” ಎನ್ನುತ್ತಾಳೆ.

ಮನೆ ಕಟ್ಟಿಸಿ ಮಾರಿದ ಸ್ವಾಮಿ, ಕೊನೆಯ ಮನೆ ಮಾರಿದ ಮರುದಿನವೇ ಆ ಮಾದರಿ ಮನೆಯನ್ನು ಕೆಡವಿಸಿದಿರಲ್ಲ, ಅವಳ ಅಂಗೈ ನೀರು ಕುಡಿದ ಆ ಮಣ್ಣನ್ನು ಎಲ್ಲಿ ಚೆಲ್ಲಿದಿರಿ?